ಸೀಟಿಗೆ ಪೌತಿ ಖಾತೆ ಆಗಲ್ಲ

1/8

ಮೊದಲ ಫೋಟೋ: ಕೆ.ಆರ್. ಪುರದ ತೂಗುಸೇತುವೆ, ಬೆಳಗ್ಗೆ ಆರೂವರೆ. ಇದರ ಮೇಲೆ ಸಿಕ್ಕಿಹಾಕಿಕೊಂಡು ‘ಸರ್, ಟ್ರಾಫಿಕ್’ ಅಂತ ಕ್ಲಾಸ್ ಗ್ರೂಪಿಗೆ ಮೆಸೇಜ್ ಹಾಕದೇ ಇರೋರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ಅವತ್ತು ನಾನು ಮಾತ್ರ ಉಲ್ಟಾ ದಿಕ್ಕಿಗೆ ಹೊರಟಿದ್ದೆ. ನೀವೆಲ್ಲ ಟಿನ್ ಫ್ಯಾಕ್ಟರಿ ದಾಟಿ ಇಂದಿರಾನಗರ, ಹಲಸೂರು ಕಡೆ ಹೋಗೋ ಹೊತ್ತಿಗೆ ನಾನು ಹೊಸಕೋಟೆ ದಾಟಿ, ನರಸಾಪುರದ ಹತ್ರ ತಿರುಗಿ, ವೇಮಗಲ್ ಕಡೆ. ಹಳೇ ಮದ್ರಾಸ್ ರೋಡ್ ಅಂದ್ರೆ ನಿಮಗೆ ಮೆಟ್ರೋ ಪಿಲ್ಲರು. ನನಗೆ ನಮ್ಮೂರಿನ ದಾರಿ.

ಬ್ಯಾಗಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇತ್ತು. ಅದರೊಳಗೆ ಅಪ್ಪನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಜೆರಾಕ್ಸು. ಪೌತಿ ಖಾತೆ ಮಾಡಿಸೋಕೆ. ಸಿಟಿಲಿ ಹುಟ್ಟಿದೋರಿಗೆ ಈ ಪದ ಗೊತ್ತಿರಲ್ಲ, ಹೇಳ್ತೀನಿ. ಜಮೀನು ಯಾರ ಹೆಸರಲ್ಲಿದೆಯೋ ಅವರು ತೀರಿಕೊಂಡರೆ, ಆ ಖಾತೆಯನ್ನ ವಾರಸುದಾರರ ಹೆಸರಿಗೆ ಬದಲಾಯಿಸೋದಕ್ಕೆ ಪೌತಿ ಖಾತೆ ಅಂತಾರೆ. ಅದು ಆಗದೇ ಇದ್ರೆ ಬೆಳೆ ಸಾಲ, ಪರಿಹಾರ ಯಾವುದಕ್ಕೂ ತೊಂದರೆ. ಕಾಗದದ ಮೇಲೆ ಸತ್ತವರೇ ಉಳುತ್ತಾ ಇರ್ತಾರೆ.

ನಾಡಕಚೇರಿ ಕೆಲಸ ಮುಗಿಸಿ ಮನೆಗೆ ಬಂದೆ. ಜಗಲಿ ಮೇಲೆ ದೊಡ್ಡಪ್ಪ ಮತ್ತೆ ಊರಿನ ನಾಲ್ಕೈದು ಜನ ಕೂತಿದ್ರು. ನನ್ನ ಕೈಯಲ್ಲಿದ್ದ ಫೈಲ್ ನೋಡಿ ದೊಡ್ಡಪ್ಪ ಹೇಳಿದ್ದು ಇಷ್ಟೇ: “ಜಮೀನಿನ ಖಾತೆ ಆಯ್ತದೆ ಬಿಡು ಮಗಾ. ಸೀಟಿನ ಖಾತೆ ಯಾವಾಗ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ತಮಾಷೆ ಅಲ್ಲ ಅಂತ ಎರಡು ನಿಮಿಷ ಆದ್ಮೇಲೆ ಗೊತ್ತಾಯ್ತು.

2/8

ಈ ಫೋಟೋದಲ್ಲಿ ಗೋಡೆ ಮೇಲೆ ಅಪ್ಪ, ಹೂವಿನ ಹಾರ, ಪಕ್ಕದಲ್ಲಿ ಗ್ರಾಮ ಪಂಚಾಯಿತಿ ಸದಸ್ಯನಾದಾಗ ಕೊಟ್ಟ ಪ್ರಮಾಣ ಪತ್ರದ ಫ್ರೇಮು.

ನಮ್ಮಪ್ಪ 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವರು, ಹನ್ನೊಂದು ಓಟಲ್ಲಿ. ಅವರ ವಿರುದ್ಧ ನಿಂತು ಸೋತಿದ್ದು ನಮ್ಮೂರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡೋ ಅಣ್ಣ. ಹೋದ ವರ್ಷ ಅಪ್ಪ ಹೃದಯಾಘಾತದಿಂದ ಹೋದರು. ಅವಧಿ ಮುಗಿಯೋಕೆ ಕೆಲವೇ ತಿಂಗಳು ಬಾಕಿ ಇತ್ತು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಆ ಡೇರಿ ಅಣ್ಣನೂ ಒಬ್ಬರು.

ಈಗ ಊರವರ ಲೆಕ್ಕ ಸರಳ. ಅಪ್ಪ ಇದ್ದರು, ಈಗ ಇಲ್ಲ, ಮಗ ಇದ್ದಾನೆ. ಮಗ ಡಿಗ್ರಿ ಕೊನೇ ವರ್ಷ, ಇಂಗ್ಲಿಷ್ ಮಾತಾಡ್ತಾನೆ, ಫೋನಲ್ಲಿ ಅರ್ಜಿ ಹಾಕೋಕೆ ಬರತ್ತೆ. “ನಿಮ್ಮಪ್ಪನ ಸೀಟು ಬೇರೆಯೋರಿಗೆ ಹೋಗಬಾರದು” ಅಂತ ಒಬ್ಬರು ಅಂದ್ರು. ನನಗೆ ಗಂಟಲು ಕಟ್ಟಿತು. ಅಪ್ಪನ ಹೆಸರು ಹೇಳಿ ಯಾರಾದ್ರೂ ಏನಾದ್ರೂ ಕೇಳಿದರೆ ಇಲ್ಲ ಅನ್ನೋಕೆ ಈಗಲೂ ಆಗಲ್ಲ.

ಒಂದು ತೊಂದರೆ ಇದೆ ಅಂದೆ. ಗ್ರಾಮ ಪಂಚಾಯಿತಿಗೆ ನಿಲ್ಲಬೇಕು ಅಂದ್ರೆ 21 ವರ್ಷ ಆಗಿರಬೇಕು, ಅದಾಗಿದೆ. ಆದ್ರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರೂ ಇರಬೇಕು. ನನ್ನ ಹೆಸರು ಇರೋದು ಕೆ.ಆರ್. ಪುರದಲ್ಲಿ. ಹೈಸ್ಕೂಲಿಂದ ನಾನು ಮಾವನ ಮನೆಯಲ್ಲೇ ಇರೋದು, ಹದಿನೆಂಟಾದಾಗ ಓಟರ್ ಐಡಿ ಅಲ್ಲೇ ಮಾಡಿಸಿದ್ದು.

ದೊಡ್ಡಪ್ಪ ಕೈ ಬೀಸಿದರು. “ಅದೇನು ದೊಡ್ಡ ವಿಷಯ? ಬದಲಾಯಿಸಿಕೊಂಡರಾಯ್ತು. ಬೈರೇಗೌಡ್ರ ಮಗ ಅಮೆರಿಕದಲ್ಲಿ ಓದಿದೋರು. ಬಂದ್ರು, ನಿಂತ್ರು, ಗೆದ್ರು. ನಿನಗೆ ಕೆ.ಆರ್. ಪುರದಿಂದ ಬರೋಕೆ ಆಗಲ್ವಾ?”

ಈ ಸೀರೀಸ್ ಶುರುವಾಗಿದ್ದೇ ಆ ಮಾತಿನಿಂದ. ವಾಪಸ್ ಬಂದು ಬೈರೇಗೌಡ್ರ ಮಗನ ಕಥೆ ಪೂರ್ತಿ ಓದಿದೆ. ದೊಡ್ಡಪ್ಪ ಹೇಳಿದ್ದು ಮೊದಲ ಅಧ್ಯಾಯ ಮಾತ್ರ ಅಂತ ಆಮೇಲೆ ಗೊತ್ತಾಯ್ತು.

3/8

ಮೂರನೇ ಫೋಟೋ ವೇಮಗಲ್ ಹತ್ರ ರಾಗಿ ಹೊಲ, ಹಿಂದೆ ಫ್ಯಾಕ್ಟರಿ ಶೆಡ್ಡುಗಳು. ಈಗ ಇಲ್ಲಿ ಕೈಗಾರಿಕಾ ಪ್ರದೇಶ. ಆದ್ರೆ ಹಳಬರಿಗೆ ವೇಮಗಲ್ ಅಂದ್ರೆ ಒಂದು ವಿಧಾನಸಭಾ ಕ್ಷೇತ್ರ, ಆ ಕ್ಷೇತ್ರ ಅಂದ್ರೆ ಸಿ. ಬೈರೇಗೌಡರು. ಹಲವು ಸಲ ಇಲ್ಲಿಂದ ಗೆದ್ದು, 90ರ ದಶಕದ ಜನತಾದಳ ಸರ್ಕಾರದಲ್ಲಿ ಕೃಷಿ ಮಂತ್ರಿ ಆಗಿದ್ದವರು. ನಮ್ಮ ಕಡೆ ಅವರ ಹೆಸರನ್ನ ಹೇಗೆ ಹೇಳ್ತಾರೆ ಅಂದ್ರೆ, ಪಕ್ಷದ ಹೆಸರು ಹೇಳೋ ಅಗತ್ಯವೇ ಬೀಳಲ್ಲ.

ಮಗ ಕೃಷ್ಣ ಬೈರೇಗೌಡ, ಹುಟ್ಟಿದ್ದು 1973ರಲ್ಲಿ. ಓದಿದ್ದು ನಮ್ಮ ಬೆಂಗಳೂರಿನ ಕ್ರೈಸ್ಟ್ ಕಾಲೇಜಲ್ಲಿ, ಬಿಬಿಎಂ. ಹೌದು, ನಿಮ್ಮ ಕಸಿನ್ನುಗಳು ಓದೋ ಅದೇ ಕ್ರೈಸ್ಟ್. ಆಮೇಲೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಹೋಗಿ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ವಿಷಯದಲ್ಲಿ ಎಂ.ಎ. ಮಾಡಿದರು. ಈ ಓದಿನ ಪಟ್ಟಿ ಮಾತ್ರ ನೋಡಿದರೆ ‘ರಾಯಭಾರಿ ಕಚೇರಿಯಲ್ಲಿ ಕೆಲಸ’ ಅಂತ ಊಹೆ ಮಾಡ್ತೀರೇ ಹೊರತು ‘ವೇಮಗಲ್ ಸಂತೆ ಬೀದಿಯಲ್ಲಿ ಕೈ ಮುಗಿದುಕೊಂಡು ಓಟು ಕೇಳೋದು’ ಅಂತ ಅಲ್ಲ.

2003ರಲ್ಲಿ ತಂದೆ ತೀರಿಕೊಂಡರು. ಕ್ಷೇತ್ರ ಖಾಲಿ ಆಯ್ತು, ಉಪಚುನಾವಣೆ ಬಂತು, ಮಗ ನಿಂತು ಗೆದ್ದರು. ಆಗ ಅವರಿಗೆ ಮೂವತ್ತರ ಆಸುಪಾಸು. ನಾನಿನ್ನೂ ಹುಟ್ಟಿರಲಿಲ್ಲ. ಮೊದಲ ಫೋಟೋದ ತೂಗುಸೇತುವೆ ಉದ್ಘಾಟನೆ ಆಗಿದ್ದೂ ಅದೇ ವರ್ಷ. 2004ರ ಸಾರ್ವತ್ರಿಕ ಚುನಾವಣೆಯಲ್ಲಿ ಮತ್ತೆ ವೇಮಗಲ್‌ನಿಂದಲೇ ಗೆದ್ದರು.

ದೊಡ್ಡಪ್ಪ ಹೇಳೋ ಕಥೆ ಇಲ್ಲಿಗೆ ಮುಗಿಯತ್ತೆ. ಅಪ್ಪ ಹೋದರು, ಮಗ ಬಂದ, ಗೆದ್ದ.

ಈ ಅಧ್ಯಾಯವನ್ನ ನಾನು ಸುಂದರ ಮಾಡಿ ಹೇಳಲ್ಲ. ಅಪ್ಪನ ಹೆಸರಿಲ್ಲದ ಮೂವತ್ತು ವರ್ಷದ ಹುಡುಗನಿಗೆ, ಅವನು ಎಷ್ಟೇ ಓದಿರಲಿ, ಅಷ್ಟು ಸುಲಭಕ್ಕೆ ವಿಧಾನಸಭೆಯ ಬಾಗಿಲು ತೆರೆಯಲ್ಲ. ತಂದೆಯ ಕಾಲದಿಂದ ಬ್ಯಾನರ್ ಕಟ್ಟಿ, ಬೂತಲ್ಲಿ ಕೂತು, ಜೀಪಿನ ಹಿಂದೆ ಓಡಿದ ಕಾರ್ಯಕರ್ತರು ಪ್ರತಿ ಕ್ಷೇತ್ರದಲ್ಲೂ ಇರ್ತಾರೆ. ಸೀಟು ಖಾಲಿ ಆದಾಗ ಅವರ ಕಡೆ ತಿರುಗಿ ನೋಡೋರು ಕಡಿಮೆ. ಹೆಸರಿನಿಂದ ಬಾಗಿಲು ತೆರೆಯತ್ತೆ, ಅದು ನಿಜ. ನನಗೆ ಗೊತ್ತಾಗಬೇಕಿದ್ದಿದ್ದು ಒಳಗೆ ಹೋದ ಮೇಲೆ ಏನಾಗತ್ತೆ ಅನ್ನೋದು.

4/8

ಇದು ಫೋಟೋ ಅಲ್ಲ, ನಾನೇ ಬಿಡಿಸಿದ ನಕ್ಷೆ. ಕೈಬರಹಕ್ಕೆ ನಗಬೇಡಿ.

2008ರಲ್ಲಿ ವೇಮಗಲ್ ಕ್ಷೇತ್ರವೇ ಮಾಯವಾಯ್ತು.

ಯಾರೂ ಕಿತ್ಕೊಳ್ಳಲಿಲ್ಲ, ಯಾರೂ ಸೋಲಿಸಲಿಲ್ಲ. ಕ್ಷೇತ್ರ ಪುನರ್ವಿಂಗಡಣೆ ಅಂತ ಒಂದು ಪ್ರಕ್ರಿಯೆ ಇದೆ. ಜನಸಂಖ್ಯೆ ನೋಡಿ ಕ್ಷೇತ್ರಗಳ ಗಡಿ ಮತ್ತೆ ಬರೆಯೋದು. 2001ರ ಜನಗಣತಿ ಇಟ್ಕೊಂಡು ಹಾಗೆ ಬರೆದಾಗ, ಹೊಸ ಗಡಿಗಳ ಪ್ರಕಾರ ಮೊದಲು ವಿಧಾನಸಭೆ ಚುನಾವಣೆ ನಡೆದಿದ್ದು ಕರ್ನಾಟಕದಲ್ಲೇ, 2008ರ ಮೇ ತಿಂಗಳಲ್ಲಿ. ವಿಧಾನಸಭೆಯ ಒಟ್ಟು 224 ಸೀಟು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಆದ್ರೆ ಜನ ಎಲ್ಲಿಗೆ ಹೋಗಿದ್ದರೋ ಸೀಟುಗಳೂ ಅಲ್ಲಿಗೆ ಹೋದವು.

ಜನ ಎಲ್ಲಿಗೆ ಹೋಗಿದ್ದರು? ಇಲ್ಲಿಗೆ. ನಿಮ್ಮ ಏರಿಯಾಗೆ. ನಮ್ಮ ಪೂರ್ವ ಬೆಂಗಳೂರಿನ ನಕ್ಷೆ ಅವತ್ತು ತಲೆಕೆಳಗಾಯ್ತು. ಹಳೇ ವರ್ತೂರು ಕ್ಷೇತ್ರ ಹೋಯ್ತು, ಜಯಮಹಲ್ ಹೋಯ್ತು, ಭಾರತೀನಗರ ಹೋಯ್ತು. ಕೆ.ಆರ್. ಪುರ, ಮಹದೇವಪುರ, ಸರ್ವಜ್ಞನಗರ, ಸಿ.ವಿ. ರಾಮನ್ ನಗರ, ಪುಲಕೇಶಿನಗರ ಅಂತ ಕ್ಷೇತ್ರಗಳು ಬಂದವು. ನಗರದಲ್ಲಿ ಈಗ 28 ಕ್ಷೇತ್ರ. ನಮ್ಮಂಥೋರು ಗಂಟುಮೂಟೆ ಕಟ್ಕೊಂಡು ಹಳೇ ಮದ್ರಾಸ್ ರೋಡಲ್ಲಿ ಬಂದಿದ್ದಕ್ಕೆ, ನಮ್ಮ ಹಿಂದೇನೇ ಸೀಟುಗಳೂ ಬಸ್ ಹತ್ತಿ ಬಂದಂಗಾಯ್ತು.

ವೇಮಗಲ್ ಊರು ಕೋಲಾರ ಕ್ಷೇತ್ರದೊಳಗೆ ಸೇರಿಹೋಯ್ತು. ತಂದೆ ಕಟ್ಟಿದ, ಮಗ ಎರಡು ಸಲ ಗೆದ್ದ ಸೀಟು ಕಾಗದದ ಮೇಲೆ ಇಲ್ಲ. ಪೌತಿ ಖಾತೆ ಮಾಡಿಸಿ ಬಂದ ಮೇಲೆ ಸರ್ವೆ ನಂಬರೇ ಇಲ್ಲ ಅಂದಂಗೆ.

ಕೃಷ್ಣ ಬೈರೇಗೌಡರು ಬೆಂಗಳೂರಿಗೆ ಬಂದು, ಹೊಸದಾಗಿ ಹುಟ್ಟಿದ ಬ್ಯಾಟರಾಯನಪುರ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಗೆದ್ದರು. ಅಲ್ಲಿ ‘ನಿಮ್ಮ ತಂದೆ ನಮ್ಮೂರಿಗೆ ಬಂದಿದ್ರು’ ಅಂತ ಹೇಳೋ ಅಜ್ಜಂದಿರು ಎಷ್ಟು ಜನ ಸಿಕ್ಕಿರ್ತಾರೆ ಯೋಚನೆ ಮಾಡಿ. ಜಕ್ಕೂರು, ಸಹಕಾರನಗರದ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಬೇಕಾಗಿದ್ದು ನೀರು, ಚರಂಡಿ, ರಸ್ತೆ.

ಮಜಾ ಕೇಳಿ. ಅದೇ 2008ರಲ್ಲಿ, ಹೆಸರಲ್ಲೇ ವರ್ತೂರು ಇಟ್ಕೊಂಡಿರೋ ವರ್ತೂರು ಪ್ರಕಾಶ್ ಅವರು ಕೋಲಾರಕ್ಕೆ ಹೋಗಿ ಪಕ್ಷೇತರರಾಗಿ ಗೆದ್ದರು. ಕೋಲಾರದವರು ಬೆಂಗಳೂರಿಗೆ, ವರ್ತೂರಿನವರು ಕೋಲಾರಕ್ಕೆ. ನಮ್ಮದೇ ರೋಡಲ್ಲಿ ಎದುರುಬದುರು.

5/8

ಐದನೇ ಫೋಟೋ ಮಂಗಳವಾರದ ಕೆ.ಆರ್. ಪುರ ಸಂತೆ. ಇಲ್ಲಿ ಸೊಪ್ಪು ಮಾರೋ ಅಕ್ಕಂದಿರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಈ ಫೋಟೋ ಯಾಕೆ ಹಾಕಿದೆ ಅಂದ್ರೆ, ನಮ್ಮ ಕೆ.ಆರ್. ಪುರದ ಜನರೂ ಇದೇ ಕೃಷ್ಣ ಬೈರೇಗೌಡರ ಹೆಸರಿನ ಮುಂದೆ ಬಟನ್ ಒತ್ತೋದೋ ಬೇಡವೋ ಅಂತ ಯೋಚನೆ ಮಾಡಿದ ದಿನ ಒಂದಿತ್ತು.

ಗೆದ್ದಿದ್ದು ಹೇಳೋರು ಸೋತಿದ್ದು ಹೇಳಲ್ಲ. 2009ರಲ್ಲಿ ಪಕ್ಷ ಅವರನ್ನ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ನಿಲ್ಲಿಸ್ತು. ಎದುರಿಗೆ ಅನಂತಕುಮಾರ್. ಸುಮಾರು 37 ಸಾವಿರ ಓಟಲ್ಲಿ ಸೋತರು. ಹತ್ತು ವರ್ಷ ಆದ್ಮೇಲೆ, 2019ರಲ್ಲಿ, ಬೆಂಗಳೂರು ಉತ್ತರ. ಕೆ.ಆರ್. ಪುರ, ಪುಲಕೇಶಿನಗರ ಎರಡೂ ಬರೋದು ಇದೇ ಲೋಕಸಭಾ ಕ್ಷೇತ್ರಕ್ಕೆ. ಅಷ್ಟರಲ್ಲಿ ಅವರು ಮೂರು ಸಲ ಬ್ಯಾಟರಾಯನಪುರದಿಂದ ಗೆದ್ದಿದ್ದ ರಾಜ್ಯದ ಮಂತ್ರಿ. ಆದ್ರೂ ಡಿ.ವಿ. ಸದಾನಂದಗೌಡರ ಎದುರು ಸುಮಾರು 1.47 ಲಕ್ಷ ಓಟಿಂದ ಸೋತರು. ಅವತ್ತು ನಾನು ಮಾವನ ಜೊತೆ ಬೂತಿನ ಗೇಟಿನ ತನಕ ಹೋಗಿದ್ದೆ. ಯಾರಿಗೆ ಹಾಕಿದ್ರಿ ಮಾವ ಅಂತ ಕೇಳಿದೆ. “ಹೇಳೋ ಹಂಗಿದ್ರೆ ಪರದೆ ಯಾಕೋ ಇಡ್ತಿದ್ರು?” ಅಂದ್ರು.

ನಮ್ಮ ಸುತ್ತಮುತ್ತ ಇಂಥ ಕಥೆಗಳು ಇನ್ನೂ ಇವೆ. ಬಿ. ಬಸವಲಿಂಗಪ್ಪ ಗೊತ್ತಲ್ಲ? ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿ, ಮಲ ಹೊರೋ ಪದ್ಧತಿ ನಿಲ್ಲಿಸಿದವರು. ಅವರ ಮಗ ಬಿ. ಪ್ರಸನ್ನಕುಮಾರ್ 2008ರಲ್ಲಿ ಪುಲಕೇಶಿನಗರದಿಂದ ಗೆದ್ದರು, 2013ರಲ್ಲಿ ಸೋತರು. ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದವರು. ಅವರ ಮೊಮ್ಮಗ 2016ರಲ್ಲಿ ಹೆಬ್ಬಾಳದ ಉಪಚುನಾವಣೆಗೆ ನಿಂತು ಸೋತರು. ದಿನೇಶ್ ಗುಂಡೂರಾವ್ ಅವರ ತಂದೆ ಆರ್. ಗುಂಡೂರಾವ್ ಕೊಡಗಿನ ಕಡೆಯವರು, 1980ರಿಂದ 83ರ ತನಕ ಮುಖ್ಯಮಂತ್ರಿ, 1993ರಲ್ಲಿ ತೀರಿಕೊಂಡರು. ಮಗ ಗೆದ್ದಿದ್ದು 1999ರಲ್ಲಿ, ಬೆಂಗಳೂರಿನ ಗಾಂಧಿನಗರದಿಂದ.

ಇದನ್ನೆಲ್ಲ ಓದಿದಾಗ ನನಗೆ ಹೊಳೆದಿದ್ದು: ‘ವಂಶದ ಸೀಟು’ ಅಂತ ನಾವು ಬೈತೀವಿ, ಅಥವಾ ಊರಲ್ಲಿ ಹೆಮ್ಮೆಯಿಂದ ಹೇಳ್ತೀವಿ. ಎರಡರಲ್ಲೂ ಒಂದು ತಪ್ಪಿದೆ. ವಂಶದಿಂದ ಬರೋದು ಟಿಕೆಟ್ಟು, ಪರಿಚಯ, ಮೊದಲ ಸಲದ ಕನಿಕರ. ಇದೇನು ಚಿಕ್ಕದಲ್ಲ, ಬೇರೆಯವರಿಗೆ ಇದೆಲ್ಲ ಸಿಗೋಕೆ ಜೀವಮಾನ ಹಿಡಿಯತ್ತೆ. ಆದ್ರೆ ಸೀಟು ಮಾತ್ರ ಪ್ರತಿ ಐದು ವರ್ಷಕ್ಕೊಮ್ಮೆ ಜನರ ಕೈಗೆ ವಾಪಸ್ ಹೋಗತ್ತೆ. ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು.

6/8

ಈ ಫೋಟೋದಲ್ಲಿರೋದು ನಮ್ಮ ಹೊಲದ ಕೃಷಿ ಹೊಂಡ. ಕಪ್ಪು ಪ್ಲಾಸ್ಟಿಕ್ ಹಾಸು ಅಲ್ಲಲ್ಲಿ ಹರಿದಿದೆ. ಅದರ ಏರಿ ಮೇಲೆ ಕೂತಿರೋದು ಅಕ್ಕ.

2013ರಲ್ಲಿ ಕೃಷ್ಣ ಬೈರೇಗೌಡರು ಸಿದ್ದರಾಮಯ್ಯ ಸರ್ಕಾರದಲ್ಲಿ ಮಂತ್ರಿ ಆದರು. ಯಾವ ಖಾತೆ? ಕೃಷಿ. ತಂದೆ ನೋಡಿಕೊಂಡಿದ್ದ ಅದೇ ಖಾತೆ. ಇದನ್ನ ದೊಡ್ಡಪ್ಪನಿಗೆ ಹೇಳಿದ್ರೆ “ನೋಡಿದ್ಯಾ, ರಕ್ತ!” ಅಂತಾರೆ. ಆದ್ರೆ ಖಾತೆ ಹಂಚೋದು ಮುಖ್ಯಮಂತ್ರಿ, ರಕ್ತ ಅಲ್ಲ.

ಆ ಅವಧಿಯಲ್ಲಿ ಬಂದಿದ್ದು ಕೃಷಿ ಭಾಗ್ಯ. ಮಳೆ ನಂಬಿಕೊಂಡ ಹೊಲಗಳಲ್ಲಿ ಹೊಂಡ ತೋಡಿ, ಹಾಸು ಹಾಕಿ, ಬಿದ್ದ ನೀರನ್ನ ಹಿಡಿದಿಟ್ಟು, ಬೆಳೆ ಬಾಡೋ ಹೊತ್ತಿಗೆ ಪಂಪಿಂದ ಕೊಡೋದು. ಕೋಲಾರದವರಿಗೆ ಇದರ ಬೆಲೆ ಗೊತ್ತು. ನಮ್ಮಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ಧೂಳೇ ಬರತ್ತೆ. ನಮ್ಮ ಹೊಂಡ ಆ ಯೋಜನೆದು. ಒಂದು ವರ್ಷ ಅದರಿಂದ ರಾಗಿ ಉಳೀತು, ಇನ್ನೊಂದು ವರ್ಷ ಮಳೆಯೇ ಬರಲಿಲ್ಲ, ಹೊಂಡವೂ ಒಣಗಿ ಕೂತಿತ್ತು. ಎರಡನ್ನೂ ಹೇಳ್ತಿದ್ದೀನಿ, ಯಾಕಂದ್ರೆ ನಾನು ಇಲ್ಲಿ ಯಾರ ಪರವಾಗಿಯೂ ಪ್ರಚಾರ ಮಾಡ್ತಾ ಇಲ್ಲ.

2017 ಮತ್ತು 2018ರಲ್ಲಿ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳ ಮಾಡಿದ್ದೂ ಅದೇ ಇಲಾಖೆ. ಇಂದಿರಾನಗರದ ಕೆಫೆಯಲ್ಲಿ ನೀವು ದುಡ್ಡು ಕೊಟ್ಟು ತಿನ್ನೋ ನವಣೆ ದೋಸೆಯ ಹಿಂದೆ ಅಂಥ ಮೇಳಗಳದ್ದೂ ಒಂದು ಪಾಲಿದೆ.

2018ರ ಸಮ್ಮಿಶ್ರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯದ ಪರ ಮಾತಾಡೋ ಕೆಲಸ. 2023ರಲ್ಲಿ ನಾಲ್ಕನೇ ಸಲ ಬ್ಯಾಟರಾಯನಪುರದಿಂದ ಗೆದ್ದು ಕಂದಾಯ ಮಂತ್ರಿ. ಈಗ ಮೊದಲ ಪೋಸ್ಟ್ ನೆನಪು ಮಾಡ್ಕೊಳ್ಳಿ. ಸತ್ತವರ ಹೆಸರಲ್ಲೇ ಉಳಿದಿರೋ ಜಮೀನುಗಳನ್ನ ವಾರಸುದಾರರ ಹೆಸರಿಗೆ ಮಾಡೋ ಇ-ಪೌತಿ ಅಭಿಯಾನ ಶುರು ಮಾಡಿದ್ದು ಇದೇ ಕಂದಾಯ ಇಲಾಖೆ, 2025ರಲ್ಲಿ. ಅಪ್ಪನ ಸೀಟಿಂದ ರಾಜಕೀಯಕ್ಕೆ ಬಂದವರು ಈಗ ರಾಜ್ಯದ ಪೌತಿ ಖಾತೆಗಳ ಮಂತ್ರಿ.

ಅವತ್ತು ರಾತ್ರಿ ಫೈಲ್ ತೆಗೆದು ವಂಶವೃಕ್ಷ ಮತ್ತೆ ನೋಡಿದೆ. ಅಪ್ಪನ ಹೆಸರಿನ ಕೆಳಗೆ ಮೂರು ಹೆಸರು: ಅಮ್ಮ, ಅಕ್ಕ, ನಾನು. ಮೂವರಿಗೂ ಸಮ ಪಾಲು. ಜಗಲಿ ಮೇಲೆ ಸೀಟಿನ ಮಾತು ಬಂದಾಗ ಆ ಪಟ್ಟಿಯಲ್ಲಿ ಇದ್ದಿದ್ದು ಒಂದೇ ಹೆಸರು.

7/8

ಏಳನೇ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಅಮ್ಮನ ನೋಟ್‌ಬುಕ್ಕು. ಅಮ್ಮನಿಗೆ ಇಷ್ಟ ಇಲ್ಲ ಅಂತ ಜನರ ಹೆಸರು ಇರೋ ಕಡೆ ಬ್ಲರ್ ಮಾಡಿದ್ದೀನಿ.

ನಮ್ಮಪ್ಪ ಓದಿದ್ದು ಐದನೇ ಕ್ಲಾಸ್. ಅಮ್ಮ ಎಸ್ಸೆಸ್ಸೆಲ್ಸಿ ಪಾಸು. ಐದು ವರ್ಷ ನಮ್ಮ ಮನೆಗೆ ಬಂದ ಪ್ರತಿ ಅರ್ಜಿ ಬರೆದಿದ್ದು ಅಮ್ಮ. ವಿಧವಾ ಪಿಂಚಣಿ, ರೇಷನ್ ಕಾರ್ಡಲ್ಲಿ ಹೆಸರು ಬಿಟ್ಟೋಗಿದ್ದು, ನರೇಗಾ ಜಾಬ್ ಕಾರ್ಡು, ಬೀದಿ ದೀಪ, ನಲ್ಲಿ ನೀರು. ಯಾವ ದಿನ ಕೊಟ್ಟಿದ್ದು, ಯಾರು ತಗೊಂಡ್ರು, ಮತ್ತೆ ಯಾವಾಗ ಹೋಗಿ ಕೇಳಬೇಕು, ಎಲ್ಲ ಈ ಬುಕ್ಕಲ್ಲಿದೆ. ಕೆಲಸ ಆದ ಸಾಲಿನ ಮುಂದೆ ಅರಿಶಿನದ ಚುಕ್ಕೆ. ಅಪ್ಪ ಸಭೆಗೆ ಹೋಗೋರು, ಮಾತಾಡೋರು, ಜಗಳ ಆಡೋರು. ಅದೂ ಕೆಲಸವೇ, ಇಲ್ಲ ಅನ್ನಲ್ಲ. ಆದ್ರೆ ಏನು ಮಾತಾಡಬೇಕು ಅಂತ ಹಿಂದಿನ ರಾತ್ರಿ ಬುಕ್ ನೋಡಿ ಓದಿ ಹೇಳ್ತಿದ್ದಿದ್ದು ಅಮ್ಮ.

ಜಗಲಿ ಮೇಲೆ ಕೂತಿದ್ದ ಎಲ್ಲರೂ ಆ ಬುಕ್ಕಿಂದ ಕೆಲಸ ಮಾಡಿಸ್ಕೊಂಡೋರೇ. ಅವತ್ತು ಅಮ್ಮ ಒಳಗಿಂದ ಅವರಿಗೆಲ್ಲ ಟೀ ತಂದುಕೊಟ್ಟರು. ಲೋಟ ತಗೊಂಡ್ರು. ಒಬ್ಬರೂ ಅವರನ್ನ ಕೇಳಲಿಲ್ಲ.

ಅವರನ್ನೇನು ಬೈಯೋದು, ನಾನೂ ಕೇಳಲಿಲ್ಲ. ನಾಲ್ಕು ದಿನ ಬೈರೇಗೌಡರ ಮಗನ ಬಗ್ಗೆ ಓದಿದೆ, ಕ್ಷೇತ್ರಗಳ ನಕ್ಷೆ ಬಿಡಿಸಿದೆ, ಮತದಾರರ ಪಟ್ಟಿಯಲ್ಲಿ ಹೆಸರು ಬದಲಾಯಿಸೋ ಫಾರ್ಮ್ ಕೂಡ ಡೌನ್‌ಲೋಡ್ ಮಾಡಿದೆ. ಹೌದು, ಮಾಡಿದೆ. ಆಸೆ ಇತ್ತು. ಊರಿಗೆ ಹೋದ್ರೆ ಬಸ್ ಸ್ಟಾಪಲ್ಲಿ ಜನ ‘ಮೆಂಬರ್ ಬಂದ್ರು’ ಅಂತ ಎದ್ದು ನಿಲ್ಲೋದು ಕಣ್ಣ ಮುಂದೆ ಬಂತು. ಅಪ್ಪನಿಗೆ ಹಾಗೆ ನಿಲ್ತಿದ್ದಿದ್ದನ್ನ ನಾನು ನೋಡಿದ್ದೀನಿ. ಆ ಜಾಗದಲ್ಲಿ ಹೋಗಿ ನಿಂತರೆ ಅಪ್ಪ ಸ್ವಲ್ಪ ವಾಪಸ್ ಬಂದಂಗೆ ಆಗತ್ತೇನೋ ಅನ್ನಿಸಿತ್ತು. ನಾನು ಯೋಚನೆ ಮಾಡ್ತಿದ್ದಿದ್ದು ಅಪ್ಪನ ಬಗ್ಗೆ, ನನ್ನ ಬಗ್ಗೆ. ಊರಿನ ನಲ್ಲಿ ನೀರಿನ ಬಗ್ಗೆ ಅಲ್ಲ.

ಇನ್ನೊಂದು ವಿಷಯ. ಪಂಚಾಯಿತಿ ಸೀಟುಗಳಿಗೆ ಮೀಸಲಾತಿ ಸರದಿ ಪ್ರಕಾರ ಬದಲಾಗತ್ತೆ, ಅರ್ಧ ಸೀಟು ಮಹಿಳೆಯರಿಗೆ. ಅಪ್ಪ ಗೆದ್ದಿದ್ದು ಸಾಮಾನ್ಯ ಸೀಟಲ್ಲಿ. ಮುಂದಿನ ಸಲ ಅದು ಮಹಿಳಾ ಮೀಸಲು ಆದ್ರೆ, ವೇಮಗಲ್ ಕ್ಷೇತ್ರ ಹೋದಂಗೆ ‘ಅಪ್ಪನ ಸೀಟು’ ರಾತ್ರೋರಾತ್ರಿ ನನ್ನ ಪಾಲಿಗೆ ಇಲ್ಲ. ಆಗ ಜಗಲಿಯವರು ಅಮ್ಮನ ಹತ್ರ ಬರ್ತಾರೆ. ‘ನೀವು ಸೈನ್ ಹಾಕಿ ಸಾಕು, ಮಿಕ್ಕಿದ್ದು ಮಗ ನೋಡ್ಕೊಳ್ತಾನೆ’ ಅಂತಾರೆ. ಅದನ್ನ ಯೋಚನೆ ಮಾಡಿದಾಗಲೇ ನನಗೆ ನಾಚಿಕೆ ಆಗಿದ್ದು.

8/8

ಕೊನೇ ಫೋಟೋ ನಮ್ಮ ಅಡುಗೆಮನೆ ಹೊಸ್ತಿಲು. ಭಾನುವಾರ, ರಾತ್ರಿ ಊಟ ಆದ್ಮೇಲೆ. ಮುದ್ದೆ ಕೋಲು ತೊಳೆದು ಬಾಗಿಲ ಪಕ್ಕ ಒರಗಿಸಿದೆ.

ಕೇಳಿದೆ. “ಅಮ್ಮ, ನೀನು ನಿಲ್ತೀಯಾ?”

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಮೀಸಲಾತಿ ಬಂದ್ರಾ?” ಅಂದ್ರು.

“ಬರದೇ ಇದ್ರೂ.”

“ಸಾಮಾನ್ಯ ಸೀಟಿಗೆ ಹೆಂಗಸು ನಿಲ್ಲಬೋದಾ?” ಐದು ವರ್ಷ ಎಲ್ಲರ ಅರ್ಜಿ ಬರೆದೋರು ನಮ್ಮಮ್ಮ, ಅವರಿಗೇ ಇದು ಖಾತ್ರಿ ಇರಲಿಲ್ಲ. ಅವರ ವಿಷಯವಾಗಿ ಅದನ್ನ ಯಾರೂ ಯಾವತ್ತೂ ಮಾತಾಡಿರಲಿಲ್ಲ. ನಿಲ್ಲಬಹುದು, ಸಾಮಾನ್ಯ ಸೀಟು ಅಂದ್ರೆ ಎಲ್ಲರಿಗೂ ಅಂದೆ.

“ಡೇರಿ ಹುಡುಗ ನಿಲ್ತಾನಂತೆ. ಹೋದ ಸಲ ಹನ್ನೊಂದು ಓಟು. ಅವನೂ ಕೆಲಸ ಮಾಡೋನೇ.”

“ಅವರು ನಿಂತ್ರೆ ನೀನು ನಿಲ್ಲಲ್ವಾ?”

“ಅವನ್ಯಾಕೆ ಬಿಡ್ಬೇಕು, ನಾನ್ಯಾಕೆ ಬಿಡ್ಬೇಕು? ಇಬ್ರೂ ನಿಲ್ತೀವಿ. ಜನ ಯಾರನ್ನ ಬೇಕೋ ಆರಿಸ್ಕೊಳ್ಳಲಿ.” ಆಮೇಲೆ ಇನ್ನೊಂದು ಮಾತು ಹೇಳಿದರು. “ನಿಂತ್ರೆ ಕರಪತ್ರದಲ್ಲಿ ನಿಮ್ಮಪ್ಪನ ಫೋಟೋ ದೊಡ್ಡದಾಗಿ ಹಾಕಿಸ್ಬೇಡ. ಇಟ್ಕೋ, ಮೂಲೇಲಿ ಚಿಕ್ಕದಾಗಿ.”

ಈಗ ನೀವು ಕೇಳ್ತೀರ: ಮಗನ ಬದಲು ಹೆಂಡತಿ, ಇದೂ ವಂಶವೇ ಅಲ್ವಾ? ಕೇಳಿ. ನಾನೂ ಕೇಳ್ಕೊಂಡೆ. ಮೂಲೆಯ ಆ ಚಿಕ್ಕ ಫೋಟೋಗೆ ಬರೋ ಓಟುಗಳು ಇರ್ತಾವೆ, ಸುಳ್ಳು ಹೇಳಲ್ಲ. ಅಪ್ಪನ ಹೆಸರಿಂದ ಬಾಗಿಲು ತೆರೆದುಕೊಳ್ಳೋದು ಅಮ್ಮನ ವಿಷಯದಲ್ಲೂ ನಿಜ. ಆದ್ರೆ ಅಮ್ಮನ ಹತ್ರ ಆ ನೋಟ್‌ಬುಕ್ ಇದೆ. ನನ್ನ ಹತ್ರ ಇದ್ದಿದ್ದು ಇನಿಷಿಯಲ್ ಮಾತ್ರ. ಸೋತ್ರೆ ಸೋತ್ರು. ಬೆಂಗಳೂರಲ್ಲಿ ಮಂತ್ರಿ ಆಗಿದ್ದವರೇ ಲಕ್ಷಕ್ಕೂ ಜಾಸ್ತಿ ಓಟಲ್ಲಿ ಸೋತು, ಮತ್ತೆ ಜನರ ಮುಂದೆ ಹೋಗಿ ನಿಂತರು. ದೊಡ್ಡಪ್ಪ ಹೇಳಿದ ಉದಾಹರಣೆಯಲ್ಲಿ ನನಗೆ ಬೇಕಾಗಿದ್ದು ಆ ಭಾಗ. 2003ರ ಗೆಲುವಲ್ಲ, 2008ರಲ್ಲಿ ಸೀಟೇ ಇಲ್ಲದಾದಾಗ ಹೊಸಬರ ಹತ್ರ ಹೋಗಿ ಮೊದಲಿಂದ ಕೇಳಿದ್ದು.

ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೇಜಾರಾದ್ರು. “ಏನೋ ಮಗಾ, ಗಂಡು ಮಗ ಇದ್ಕೊಂಡು...” ಅಂತ ಅರ್ಧಕ್ಕೇ ನಿಲ್ಲಿಸಿದರು. ಎರಡು ದಿನ ಬಿಟ್ಟು ಅವರೇ ಅಮ್ಮನ ಹತ್ರ ಹೋಗಿ ತಮ್ಮ ಹೊಲದ ಪೋಡಿ ಅರ್ಜಿ ಬರೆಸ್ಕೊಂಡು ಬಂದ್ರಂತೆ. ಓಟಿನ ಬಗ್ಗೆ ಏನೂ ಹೇಳಲಿಲ್ಲವಂತೆ.

ನನ್ನ ಓಟು ಕೆ.ಆರ್. ಪುರದಲ್ಲೇ ಇರತ್ತೆ. ಡೌನ್‌ಲೋಡ್ ಮಾಡಿದ ಫಾರ್ಮ್ ಡಿಲೀಟ್ ಮಾಡಿದೆ. ಅಮ್ಮನಿಗೆ ನಾನು ಓಟು ಹಾಕೋಕಾಗಲ್ಲ, ಅದೊಂದೇ ಬೇಜಾರು. ಜಮೀನಿನ ಖಾತೆ ಮಾತ್ರ ಇನ್ನೂ ಆಗಿಲ್ಲ, ಅರ್ಜಿ ಹಾಕಿದ್ದೀವಿ, ಬರತ್ತೆ. ಮೂವರ ಹೆಸರಲ್ಲೂ.

ನಿಮ್ಮನೇಲಿ ಇಂಥ ನೋಟ್‌ಬುಕ್ ಯಾರ ಹತ್ರ ಇದೆ? ಅಜ್ಜಿ, ಅತ್ತೆ, ಅಕ್ಕ ಯಾರಾದ್ರೂ ಇದ್ರೆ ಅದರ ಫೋಟೋ ಹಾಕಿ ನನ್ನ ಟ್ಯಾಗ್ ಮಾಡಿ. ಅವರನ್ನ ಕೇಳಿ ಹಾಕಿ, ಹೆಸರುಗಳನ್ನ ಬ್ಲರ್ ಮಾಡಿ. ಮತ್ತೆ ಹದಿನೆಂಟಾಗಿಯೂ ಇನ್ನೂ ಪಟ್ಟಿಗೆ ಹೆಸರು ಸೇರಿಸದೇ ಇರೋ ನನ್ನ ಕ್ಲಾಸಿನ ಮಹಾನುಭಾವರೇ, ನೀವು ಯಾರು ಅಂತ ನನಗೆ ಗೊತ್ತು. ಸೋಮವಾರ ಕ್ಯಾಂಟೀನಲ್ಲಿ ಸಿಗಿ, ಅರ್ಜಿ ನಾನೇ ತುಂಬಿಸಿ ಕೊಡ್ತೀನಿ. ಅಮ್ಮನ ಮಗ, ಅಷ್ಟಾದ್ರೂ ಬರತ್ತೆ.

#ಪೌತಿಖಾತೆ #ವೇಮಗಲ್ #ಕೆಆರ್‌ಪುರ #ಹಳೇಮದ್ರಾಸ್‌ರೋಡು